ವಿಡಿಯೋ ಆಟಗಳ ಕಥನದಲ್ಲಿ ಔಚಿತ್ಯವಿಚಾರ

ಯುದ್ಧ, ರಾಜ್ಯಭ್ರಂಶ, ಮರಣ, ನಗರಕ್ಕೆ ಮುತ್ತಿಗೆ ಇವನ್ನು ನಾಟಕದ ಅಂಕದೊಳಗೆ ಪ್ರತ್ಯಕ್ಷವಾಗಿ ತೋರಿಸತಕ್ಕದ್ದಲ್ಲ, ಪ್ರವೇಶಕವೇ ಮೊದಲಾದ ಉಪಾಯಗಳಿಂದ ಸೂಚಿಸತಕ್ಕದ್ದು ಎಂದು ಭರತಮುನಿಯ ನಾಟ್ಯಶಾಸ್ತ್ರವು ವಿಧಿಸುತ್ತದೆ. ಹೀಗಿದ್ದರೂ ಭಾಸನದೆಂದು ಹೇಳಲಾಗುವ ‘ಊರುಭಂಗ’ದಲ್ಲಿ ತೊಡೆ ಮುರಿದು ಬಿದ್ದ ದುರ್ಯೋಧನನು ಪ್ರೇಕ್ಷಕರ ಕಣ್ಣೆದುರಿಗೇ ಪ್ರಾಣ ಬಿಡುತ್ತಾನೆ, ವಿಧಿಯನ್ನು ಮೀರಿಯೂ ಆ ನಾಟಕವು ಸಹೃದಯರ ಮನಸ್ಸನ್ನು ಗೆದ್ದಿದೆ. ಇದರಿಂದ ಒಂದು ಮಾತು ಸ್ಪಷ್ಟವಾಗುತ್ತದೆ. ಶಾಸ್ತ್ರಕಾರನ ಆತಂಕವು ವಸ್ತುವಿನ ವಿಷಯದಲ್ಲಿ ಅಷ್ಟಾಗಿ ಅಲ್ಲ, ಅದನ್ನು ತೋರುವ ಬಗೆಯ ವಿಷಯದಲ್ಲಿ. ಬಗೆ ತಪ್ಪಿದರೆ ಕರುಣವು ಬೀಭತ್ಸಕ್ಕೆ ಜಾರುತ್ತದೆ; ಇನ್ನೂ ತಪ್ಪಿದರೆ ಹಾಸ್ಯಕ್ಕೆ ಜಾರುತ್ತದೆ. ನೊಂದವರ ನೋವು ಪರರ ನಗೆಗೆ ಈಡಾಗುವುದಕ್ಕಿಂತ ದೊಡ್ಡ ಅಪಚಾರ ಕಲೆಯಲ್ಲಿ ಬೇರೊಂದಿಲ್ಲ.

ಈ ಹಳೆಯ ಪ್ರಶ್ನೆ ಇಂದು ಒಂದು ಹೊಸ ಪ್ರಕಾರದ ಎದುರಿಗೆ ಬಂದು ನಿಂತಿದೆ. ಗಣಕಯಂತ್ರದಲ್ಲಿಯೂ ಮೊಬೈಲಿನಲ್ಲಿಯೂ ಮಕ್ಕಳು ಆಡುವ ವಿಡಿಯೋ ಆಟಗಳೆಂದರೆ ಗುಂಡು ಹಾರಿಸುವ ಸದ್ದು, ಓಡುವ ಕಾರು, ವ್ಯರ್ಥವಾದ ರಾತ್ರಿ ಎಂದಷ್ಟೇ ಹಿರಿಯರು ಬಲ್ಲರು. ಆ ಬಲ್ಮೆ ಸುಳ್ಳಲ್ಲ, ಆದರೆ ಅರ್ಧ. ಕಳೆದ ಹದಿನೈದು ಇಪ್ಪತ್ತು ವರ್ಷಗಳಲ್ಲಿ ಗುಲಾಮಗಿರಿ, ಮುತ್ತಿಗೆಯ ನಗರದ ಹಸಿವು, ಎಳೆಯ ಮಗುವಿನ ಮರಣ, ಹೆಣ್ಣುಮಕ್ಕಳ ಮಾರಾಟ, ಮನೋರೋಗ ಮೊದಲಾದ ವಸ್ತುಗಳನ್ನು ಹೊತ್ತ ಆಟಗಳು ಬಂದಿವೆ. ಅವುಗಳಲ್ಲಿ ಕೆಲವು ಗೆದ್ದಿವೆ, ಕೆಲವು ನಾಚಿಕೆಗೇಡಾಗಿ ಸೋತಿವೆ. ಗೆಲುವು ಸೋಲುಗಳ ಕಾರಣವನ್ನು ವಿಚಾರಿಸುವುದು ಮಕ್ಕಳಿಗೆ ಪಾಠ ಹೇಳುವವರಿಗೆ ಅಪ್ರಕೃತವಾಗಲಾರದು.

ಕಾವ್ಯವನ್ನು ಶ್ರವ್ಯವೆಂದೂ ದೃಶ್ಯವೆಂದೂ ಆಲಂಕಾರಿಕರು ಎರಡಾಗಿ ವಿಭಾಗಿಸಿದರು. ಶ್ರವ್ಯದಲ್ಲಿ ಕೇಳುವವನಿದ್ದಾನೆ, ದೃಶ್ಯದಲ್ಲಿ ನೋಡುವವನಿದ್ದಾನೆ. ಆಟದ ಕಥೆಯಲ್ಲಿ ಇವರಿಬ್ಬರೂ ಸಾಲದೆ ಮಾಡುವವನೊಬ್ಬ ಬೇಕಾಗುತ್ತಾನೆ. ಗರ್ಭಿಣಿ ಸೀತೆಯನ್ನು ಕಾಡಿಗೆ ಕಳುಹಿಸಿದ ಕಥೆಯನ್ನು ಕೇಳಿದವನು ಅಳುತ್ತಾನೆ. ರಾಮನು ಹೀಗೆ ಮಾಡಬಾರದಿತ್ತು ಎಂದು ತರ್ಕಿಸುತ್ತಾನೆ. ಕಥೆ ಮುಗಿದ ಮೇಲೆ ಮನೆಗೆ ಹೋಗುತ್ತಾನೆ. ಅದೇ ಕಥೆ ಆಟವಾದರೆ ರಥವನ್ನು ಹೂಡಲು ಅಪ್ಪಣೆ ಕೊಡಬೇಕಾದ ಬೆರಳು ಆಟಗಾರನದೇ. ಆಗ ‘ಅವನು ಹೀಗೆ ಮಾಡಿದ’ ಎಂಬ ವಾಕ್ಯವು ‘ನಾನು ಹೀಗೆ ಮಾಡಿದೆ’ ಎಂದು ತಿರುಗುತ್ತದೆ. ಈ ಪ್ರಕಾರದ ಶಕ್ತಿಯೆಲ್ಲವೂ ಅಪಾಯವೆಲ್ಲವೂ ಈ ಪುರುಷಪಲ್ಲಟದಲ್ಲಿಯೇ ಅಡಗಿದೆ.

ಆಟದಲ್ಲಿ ಮಾತಿಗಿಂತ ಮೊದಲು ಉಪದೇಶಿಸುವುದು ನಿಯಮ. ಇದಕ್ಕೆ ದೃಷ್ಟಾಂತವನ್ನು ಹುಡುಕಿಕೊಂಡು ದೂರ ಹೋಗಬೇಕಾಗಿಲ್ಲ. ಪರಮಪದ ಸೋಪಾನ ಪಟದಲ್ಲಿ ಗುಣಗಳಿಗೆ ಏಣಿ, ದೋಷಗಳಿಗೆ ಹಾವು. ಹಳೆಯ ಪಟಗಳಲ್ಲಿ ಏಣಿಗಳಿಗಿಂತ ಹಾವುಗಳೇ ಹೆಚ್ಚು. ಮೇಲೇರುವುದು ದುರ್ಲಭ, ಕೆಳಗೆ ಜಾರುವುದು ಸುಲಭ ಎಂಬ ತತ್ತ್ವವನ್ನು ಅಲ್ಲಿ ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಕವಡೆ ಹಾಕಿದವನಿಗೆ ಅದು ತಾನಾಗಿಯೇ ತಿಳಿಯುತ್ತದೆ. 19ನೆಯ ಶತಮಾನದ ಕೊನೆಯ ಭಾಗದಲ್ಲಿ ಈ ಆಟ ಇಂಗ್ಲೆಂಡಿಗೆ ಹೋಯಿತು. ಅಲ್ಲಿ ಹಾವು ಏಣಿಗಳ ಸಂಖ್ಯೆಯನ್ನು ಸರಿದೂಗಿಸಿದರು. ಬರಬರುತ್ತ ಗುಣದೋಷಗಳ ಹೆಸರುಗಳನ್ನೂ ಅಳಿಸಿದರು. ಉಳಿದದ್ದು ಅದೃಷ್ಟದ ಆಟ. ಹಲಗೆ ಅದೇ, ಹಾವೂ ಅದೇ. ಲೆಕ್ಕ ಬದಲಾದೊಡನೆ ಅರ್ಥ ಹೋಯಿತು.

ಅಮೆರಿಕದ ಬ್ರೆಂಡಾ ರೊಮೆರೊ ಎಂಬ ಆಟರಚನಕಾರ್ತಿಯು ಬಹುಕಾಲ ವಿಡಿಯೋ ಆಟಗಳನ್ನೇ ರೂಪಿಸಿ ಹೆಸರು ಮಾಡಿದವಳು. 2007ರ ಒಂದು ದಿನ ಏಳು ವರ್ಷದ ಮಗಳು ಶಾಲೆಯಿಂದ ಬಂದು, ಆಫ್ರಿಕದ ಜನರನ್ನು ಹಡಗಿನಲ್ಲಿ ತುಂಬಿ ಸಮುದ್ರ ದಾಟಿಸಿ ಗುಲಾಮರನ್ನಾಗಿ ಮಾರಿದ ಚರಿತ್ರೆಯ ಪಾಠವನ್ನು ತಾಯಿಗೆ ಒಪ್ಪಿಸಿದಳು. ಹುಡುಗಿ ಒಂದಕ್ಷರವನ್ನೂ ತಪ್ಪಿರಲಿಲ್ಲ. ಹಡಗು ಹೊರಟಿತು, ಮುಟ್ಟಿತು, ಕೊನೆಗೆ ಎಲ್ಲರೂ ಸ್ವತಂತ್ರರಾದರು ಎಂದು ಗಿಳಿಯಂತೆ ಹೇಳಿ ಆಟಕ್ಕೆ ಹೋಗಲು ಅಪ್ಪಣೆ ಕೇಳಿದಳು. ಪಾಠ ಬಾಯಿಗೆ ಬಂದಿತ್ತು, ಎದೆಗೆ ಇಳಿದಿರಲಿಲ್ಲ. ಇಂಥ ಒಪ್ಪಿಸುವಿಕೆಯನ್ನು ಪ್ರತಿನಿತ್ಯ ಕೇಳುವ ಉಪಾಧ್ಯಾಯರಿಗೆ ಈ ಸಂದರ್ಭವನ್ನು ವಿವರಿಸಬೇಕಾಗಿಲ್ಲ.

ತಾಯಿ ಬಿಡಿಸಿ ಹೇಳಲು ಹೋಗಲಿಲ್ಲ. ಬಣ್ಣವಿಲ್ಲದ ಮರದ ಗೊಂಬೆಕಾಯಿಗಳನ್ನು ಮಗಳ ಮುಂದಿಟ್ಟು ಬಣ್ಣ ಹಚ್ಚಲು ಹೇಳಿದಳು. ಹುಡುಗಿ ಬಣ್ಣಕ್ಕೊಂದು ಕುಟುಂಬವನ್ನು ಮಾಡಿದಳು. ತಂದೆ, ತಾಯಿ, ಮಕ್ಕಳು. ಆಮೇಲೆ ತಾಯಿ ಒಂದು ಹಿಡಿ ಕಾಯಿಗಳನ್ನು ಬಾಚಿ ದೋಣಿಯ ಮೇಲೆ ಇಟ್ಟಳು. ಕುಟುಂಬಗಳು ಒಡೆದವು. ಒಂದು ಮನೆಯ ಕೂಸು ದಡದಲ್ಲಿ ಉಳಿದದ್ದನ್ನು ಕಂಡು ಹುಡುಗಿ ಅದನ್ನೂ ಹತ್ತಿಸಹೋದಳು. ಯಾರು ಹೋಗಬೇಕು ಯಾರು ಉಳಿಯಬೇಕು ಎಂಬುದು ಅವರ ಇಚ್ಛೆಗೆ ಬಿಟ್ಟದ್ದಲ್ಲವೆಂದು ತಾಯಿ ತಡೆದಳು. ಸಮುದ್ರ ದಾಟಲು ಹತ್ತು ಸರದಿ. ದೋಣಿಯಲ್ಲಿ ಮೂವತ್ತು ಪಾಲು ಆಹಾರ. ಪ್ರತಿ ಸರದಿಗೂ ದಾಳ ಎಷ್ಟು ಹೇಳುತ್ತದೆಯೋ ಅಷ್ಟು ಖರ್ಚು. ಅರ್ಧ ದಾರಿಗೆ ಬರುವಷ್ಟರಲ್ಲಿ ಲೆಕ್ಕ ತಿಳಿದ ಹುಡುಗಿಗೆ ಆಹಾರ ಸಾಲದೆಂಬುದು ಹೊಳೆಯಿತು. ಕೆಲವರನ್ನು ನೀರಿಗೆ ಇಳಿಸಬೇಕೇ ಎಂದು ಕೇಳಿದಳು. ಅದು ನಿನಗೆ ಬಿಟ್ಟದ್ದು ಎಂಬರ್ಥದ ಉತ್ತರ ಬಂತು. ಆಗ ಅವಳ ಬಾಯಿಂದ ಹೊರಟ ಪ್ರಶ್ನೆ, ಇದು ನಿಜವಾಗಿಯೂ ನಡೆದದ್ದೇ ಎಂಬುದು. ಒಂದು ತಿಂಗಳ ಪಾಠ ಕೇಳಿಸದ ಪ್ರಶ್ನೆಯನ್ನು ಮೂವತ್ತು ಪಾಲು ಆಹಾರ ಕೇಳಿಸಿತು. ರೊಮೆರೊ ಈ ಪ್ರಸಂಗವನ್ನು ಅನಂತರ ಸಾರ್ವಜನಿಕ ಉಪನ್ಯಾಸದಲ್ಲಿ ವಿವರಿಸಿದ್ದಾಳೆ. ಇದು ಮೇಜಿನ ಮೇಲಿನ ಆಟ, ವಿಡಿಯೋ ಆಟವಲ್ಲ ಎಂಬುದು ನಿಜ; ಆದರೆ ಯಂತ್ರವನ್ನು ತೆಗೆದು ನೋಡಿದಾಗ ನಿಯಮದ ಎಲುಬು ಚೆನ್ನಾಗಿ ಕಾಣುತ್ತದೆ.

ಎರಡು ವರ್ಷಗಳ ತರುವಾಯ, 2009ರಲ್ಲಿ, ಅದೇ ಆಕೆ ‘ಟ್ರೇನ್’ ಎಂಬ ಮತ್ತೊಂದು ಮೇಜಿನ ಆಟವನ್ನು ಮಾಡಿದಳು. ಒಡೆದ ಗಾಜಿನ ಕಿಟಕಿಯ ಮೇಲೆ ರೈಲಿನ ಹಳಿ, ಹಳಿಯ ಮೇಲೆ ಸರಕಿನ ಡಬ್ಬಿಗಳು, ಪಕ್ಕದಲ್ಲಿ ಹಳದಿ ಬಣ್ಣದ ಪುಟ್ಟ ಮನುಷ್ಯಾಕೃತಿಗಳು. ಆಕೃತಿಗಳನ್ನು ಡಬ್ಬಿಗಳಿಗೆ ತುಂಬಿ ಕೊನೆಯ ನಿಲ್ದಾಣಕ್ಕೆ ಮುಟ್ಟಿಸಬೇಕು. ಡಬ್ಬಿಯ ಬಾಗಿಲು ಇಕ್ಕಟ್ಟು. ಒತ್ತಿ ತುರುಕದೆ ಆಕೃತಿಗಳು ಒಳಗೆ ಹೋಗವು. ಆಡುವವರು ಪೈಪೋಟಿಯಿಂದ ತುರುಕುತ್ತಾರೆ. ರೈಲು ನಿಲ್ದಾಣ ಸೇರಿದ ಮೇಲೆ ಚೀಟಿಯನ್ನು ತಿರುಗಿಸಿದರೆ ಅಲ್ಲಿ ಊರಿನ ಹೆಸರಿರುತ್ತದೆ: ಆಶ್ವಿಟ್ಜ್. ಒಡೆದ ಗಾಜೂ ಹಳದಿ ಬಣ್ಣವೂ ಆಗ ಒಮ್ಮೆಲೇ ಅರ್ಥ ಕೊಡುತ್ತವೆ. ಕೆಲವರು ಅತ್ತದ್ದುಂಟು, ಮೊದಲೇ ಗುಟ್ಟು ತಿಳಿದ ಕೆಲವರು ಆಕೃತಿಗಳನ್ನು ಮರೆಮಾಡಿ ಉಳಿಸಲು ಯತ್ನಿಸಿದ್ದುಂಟು.

ಈಗ ಇದರ ಮಗ್ಗುಲಲ್ಲಿ ಇನ್ನೊಂದು ಆಟವನ್ನು ಇಟ್ಟು ನೋಡಬೇಕು. ಡೆನ್ಮಾರ್ಕಿನ ಕೋಪನ್‌ಹೇಗನ್ನಿನಲ್ಲಿ ಶಾಲಾಮಕ್ಕಳಿಗಾಗಿಯೇ ಚರಿತ್ರೆಯ ಆಟಗಳನ್ನು ಮಾಡುವ ಒಂದು ಸಂಸ್ಥೆಯು 2013ರಲ್ಲಿ ಗುಲಾಮರ ವ್ಯಾಪಾರವನ್ನು ಕುರಿತು ‘ಪ್ಲೇಯಿಂಗ್ ಹಿಸ್ಟರಿ: ಸ್ಲೇವ್ ಟ್ರೇಡ್’ ಎಂಬ ವಿಡಿಯೋ ಆಟವನ್ನು ಹೊರತಂದಿತು. ಉದ್ದೇಶ ನಿರ್ಮಲವಾದದ್ದೇ. ಹಡಗಿನ ಹೊಟ್ಟೆಯಲ್ಲಿ ಮನುಷ್ಯರನ್ನು ಎಷ್ಟು ಕ್ರೂರವಾಗಿ ಒತ್ತಿ ಮಲಗಿಸುತ್ತಿದ್ದರೆಂಬುದು ಮಕ್ಕಳಿಗೆ ತಿಳಿಯಲೆಂದು ಅದರೊಳಗೊಂದು ಉಪ-ಆಟವನ್ನು ಸೇರಿಸಿದ್ದರು. ಅದಕ್ಕೆ ಆರಿಸಿಕೊಂಡ ಅಚ್ಚು ‘ಟೆಟ್ರಿಸ್’ನದು. ಮೇಲಿನಿಂದ ಬೀಳುವ ನಾನಾ ಆಕಾರದ ತುಣುಕುಗಳನ್ನು ಸಂದಿಲ್ಲದಂತೆ ಜೋಡಿಸುವ ಆ ಆಟವನ್ನು 1984ರಲ್ಲಿ ಮಾಸ್ಕೋದ ಅಲೆಕ್ಸಿ ಪಜಿತ್ನೋವ್ ರಚಿಸಿದ್ದು ಜಗತ್ತಿಗೆಲ್ಲ ಗೊತ್ತು. ಇಲ್ಲಿ ತುಣುಕುಗಳ ಸ್ಥಾನದಲ್ಲಿ ಬಂದದ್ದು ಕರಿಯ ಮನುಷ್ಯರ ದೇಹಗಳು. 2015ರಲ್ಲಿ ಆಟವು ಹೆಚ್ಚು ಜನರ ಕಣ್ಣಿಗೆ ಬಿದ್ದಾಗ ಎಲ್ಲ ಕಡೆಯಿಂದಲೂ ಛೀಮಾರಿ ಎದ್ದಿತು. ಸಂಸ್ಥೆ ಆ ಭಾಗವನ್ನು ತೆಗೆದುಹಾಕಿತು.

ಎರಡರಲ್ಲಿಯೂ ಕೈ ಮಾಡುವ ಕೆಲಸ ಒಂದೇ: ಮನುಷ್ಯಾಕೃತಿಗಳನ್ನು ಇಕ್ಕಟ್ಟಿನ ಜಾಗದಲ್ಲಿ ತುಂಬುವುದು. ಒಂದು ಕಣ್ಣೀರು ತರಿಸಿತು, ಇನ್ನೊಂದು ಛೀಮಾರಿ ತಂದಿತು. ಹೀಗೇಕೆ? ಉದ್ದೇಶದ ವ್ಯತ್ಯಾಸದಿಂದಲ್ಲ, ಉದ್ದೇಶ ಎರಡೂ ಕಡೆ ಒಳ್ಳೆಯದೇ. ಟೆಟ್ರಿಸ್‌ನ ಅಚ್ಚಿಗೆ ತನ್ನದೇ ಆದ ಸಂತೋಷವಿದೆ. ತುಣುಕು ಸರಿಯಾಗಿ ಕೂತಾಗ ಆಗುವ ಸಣ್ಣ ಸುಖ, ಇನ್ನೊಂದು ಬರಲಿ ಎಂಬ ಆತುರ, ಅಂಕ ಏರಿದ ಹಿಗ್ಗು. ಆ ಅಚ್ಚಿನಲ್ಲಿ ಏನನ್ನು ಸುರಿದರೂ ಸುಖವೇ ಹೊರಬರುತ್ತದೆ. ದೇಹಗಳನ್ನು ಸುರಿದಾಗಲೂ ಅದೇ ಹೊರಬಂತು. ‘ಟ್ರೇನ್’ ಆಟವೂ ಮೊದಮೊದಲು ಆ ಸುಖವನ್ನು ಕೊಡುತ್ತದೆ. ಕೊಟ್ಟು, ಕೊನೆಯಲ್ಲಿ ಅದಕ್ಕೆ ಲೆಕ್ಕ ಕೇಳುತ್ತದೆ. ಕೇಳದೆ, ನೋಡದೆ ಅಪ್ಪಣೆಯನ್ನು ಪಾಲಿಸುತ್ತ ಹೋದೆಯಲ್ಲ ಎಂದು ಅದು ಆಟಗಾರನನ್ನು ಹಿಡಿದು ನಿಲ್ಲಿಸುತ್ತದೆ. ಡೆನ್ಮಾರ್ಕಿನ ಆಟದಲ್ಲಿ ಲೆಕ್ಕ ಕೇಳುವವರೇ ಇರಲಿಲ್ಲ. ಹನ್ನೊಂದನೆಯ ಶತಮಾನದ ಕಾಶ್ಮೀರದಲ್ಲಿ ಕ್ಷೇಮೇಂದ್ರನು ಔಚಿತ್ಯವನ್ನು ಕಾವ್ಯದ ಜೀವವೆಂದು ನಿರೂಪಿಸುವಾಗ, ಆಭರಣವು ತನ್ನ ಸ್ಥಾನದಲ್ಲಿರದಿದ್ದರೆ ನಗೆಗೀಡೆಂಬ ದೃಷ್ಟಾಂತವನ್ನು ಕೊಡುತ್ತಾನೆ. ನಡುವಿಗೆ ಹಾರವನ್ನೂ ಕಾಲಿಗೆ ಕಂಕಣವನ್ನೂ ತೊಟ್ಟವರನ್ನು ಕಂಡು ನಕ್ಕರೆ ಹೋಗುವುದು ತೊಟ್ಟವರ ಮಾನ. ಇಲ್ಲಿ ಹೋದದ್ದು ಎಂದೋ ಸತ್ತವರ ಮಾನ.

ಗೆದ್ದ ಆಟಗಳಲ್ಲಿ ಹೆಚ್ಚು ವಿಚಾರಾರ್ಹವಾದದ್ದು 2014ರ ನವೆಂಬರಿನಲ್ಲಿ ಪೋಲೆಂಡಿನ ವಾರ್ಸಾದಿಂದ ಬಂದ ‘ದಿಸ್ ವಾರ್ ಆಫ್ ಮೈನ್’. ರಚಿಸಿದವರು 11 ಬಿಟ್ ಸ್ಟುಡಿಯೋಸ್ ಎಂಬ ಸಂಸ್ಥೆಯವರು. 1992ರ ಏಪ್ರಿಲಿನಿಂದ 1996ರ ಫೆಬ್ರವರಿಯವರೆಗೆ ಬೋಸ್ನಿಯಾದ ಸರಾಯೆವೊ ನಗರವು ಅನುಭವಿಸಿದ ಮುತ್ತಿಗೆ ಅದರ ಮೂಲ. ಸುತ್ತಣ ಬೆಟ್ಟಗಳ ಮೇಲಿನಿಂದ ಫಿರಂಗಿ, ಬೀದಿಗೆ ಇಳಿದರೆ ಮರೆಯಿಂದ ಗುರಿಕಾರನ ಗುಂಡು. ನೀರಿಲ್ಲ, ವಿದ್ಯುತ್ತಿಲ್ಲ, ಚಳಿಗಾಲಕ್ಕೆ ಸೌದೆಯಿಲ್ಲ. 1944ರಲ್ಲಿ ತಮ್ಮ ಸ್ವಂತ ನಗರವು ಸುಟ್ಟು ನೆಲಸಮವಾದ ನೆನಪೂ ವಾರ್ಸಾದವರಿಗೆ ಇದ್ದೇ ಇತ್ತು. ಆದರೆ ಆಟದಲ್ಲಿ ಸರಾಯೆವೊ ಎಂಬ ಹೆಸರಿಲ್ಲ. ಪೊಗೊರೆನ್ ಎಂಬ ಕಲ್ಪಿತ ನಗರವಿದೆ. ಬದುಕಿರುವವರ ಗಾಯವನ್ನು ಕೆದಕದಿರುವುದಕ್ಕೂ ಒಂದು ಜನಾಂಗವನ್ನು ಖಳನೆಂದು ಬೆರಳಿಟ್ಟು ತೋರದಿರುವುದಕ್ಕೂ ಇದು ಒಳ್ಳೆಯ ಉಪಾಯ. ಅಪರಾಧಿಗಳ ಹೆಸರು ತಪ್ಪಿಸಿಕೊಳ್ಳುತ್ತದೆ ಎಂಬ ಆಕ್ಷೇಪಕ್ಕೂ ಇಲ್ಲಿ ಎಡೆಯುಂಟು. ಅದನ್ನು ಸುಲಭವಾಗಿ ತಳ್ಳಿಹಾಕಲಾಗದು.

ಯುದ್ಧದ ಆಟವೆಂದರೆ ಆಟಗಾರ ಸೈನಿಕನಾಗುವುದು ವಾಡಿಕೆ. ಇಲ್ಲಿ ಅವನ ಪಾಲಿಗೆ ಬರುವವರು ಪಾಳುಬಿದ್ದ ಮನೆಯೊಂದರಲ್ಲಿ ಅಡಗಿರುವ ಮೂರು ನಾಲ್ಕು ಜನ ಸಾಮಾನ್ಯರು. ಒಬ್ಬ ಫುಟ್‌ಬಾಲ್ ಆಡುತ್ತಿದ್ದವನು, ಚೆನ್ನಾಗಿ ಓಡಬಲ್ಲ. ಒಬ್ಬ ಅಡುಗೆಯವನು, ಕಡಮೆ ಸೌದೆಯಲ್ಲಿ ಬೇಯಿಸಬಲ್ಲ. ಒಬ್ಬಾಕೆ ಪತ್ರಿಕಾ ವರದಿಗಾರ್ತಿ, ಚೌಕಾಶಿ ಬಲ್ಲವಳು. ಗಣಿತದ ಮುದುಕ ಪ್ರಾಧ್ಯಾಪಕನೂ ಶಾಲೆಯ ಉಪಾಧ್ಯಾಯಿನಿಯೂ ಇದ್ದಾರೆ. ಅವರ ವಿದ್ಯೆ ಮುತ್ತಿಗೆಯಲ್ಲಿ ಅಷ್ಟಾಗಿ ಉಪಯೋಗಕ್ಕೆ ಬರುವುದಿಲ್ಲ ಎಂಬುದನ್ನು ಆಟವು ಸ್ವಲ್ಪವೂ ಮುಚ್ಚಿಡದೆ ತೋರಿಸುತ್ತದೆ. ಹಗಲು ಮನೆಯೊಳಗೇ ಇದ್ದು ಒಲೆ, ಹಾಸಿಗೆ, ಮಳೆನೀರಿನ ಸೋಸುಪಾತ್ರೆಗಳನ್ನು ಹೊಂದಿಸಿಕೊಳ್ಳಬೇಕು. ಕತ್ತಲಾದ ಮೇಲೆ ಒಬ್ಬನು ಜೋಳಿಗೆ ಹೊತ್ತು ಹೊರಗೆ ಹೋಗಿ ಆಹಾರವನ್ನೂ ಔಷಧಿಯನ್ನೂ ಹುಡುಕಿ ತರಬೇಕು. ಯುದ್ಧ ಎಂದು ಮುಗಿಯುತ್ತದೆಂದು ಆಟಗಾರನಿಗೆ ತಿಳಿಸುವುದಿಲ್ಲ. ಸರಾಯೆವೊದವರಿಗೂ ಯಾರೂ ತಿಳಿಸಿರಲಿಲ್ಲ.

ಅಂಥ ಒಂದು ರಾತ್ರಿ ಆಟಗಾರನು ಊರಿನ ಒಂದು ನಿಶ್ಶಬ್ದವಾದ ಮನೆಗೆ ಹೋಗಬಹುದು. ಅಲ್ಲಿ ಇಬ್ಬರು ವೃದ್ಧ ದಂಪತಿಗಳು ಮಾತ್ರ ಇದ್ದಾರೆ. ಉಗ್ರಾಣದಲ್ಲಿ ಕಾಳುಕಡಿ ಇದೆ, ಔಷಧಿ ಇದೆ. ಕಾವಲಿಲ್ಲ, ಆಯುಧವಿಲ್ಲ. ಮುದುಕನು ಹಿಂದೆ ಹಿಂದೆ ಬಂದು ಬೇಡಿಕೊಳ್ಳುತ್ತಾನೆ. ಹೆಂಡತಿಗೆ ಕಾಯಿಲೆ, ಔಷಧಿಯನ್ನು ಮಾತ್ರ ಒಯ್ಯಬೇಡ ಎನ್ನುತ್ತಾನೆ. ಕೈ ಮಾಡುವುದಿಲ್ಲ. ಆಟದ ಕಡೆಯಿಂದಲೂ ಅಡ್ಡಿಯಿಲ್ಲ, ಅಂಕ ಕಳೆಯುವುದಿಲ್ಲ, ಇದು ಪಾಪವೆಂದು ತೆರೆಯ ಮೇಲೆ ಬರೆದು ತೋರಿಸುವುದಿಲ್ಲ. ಒಯ್ದವನು ಸುರಕ್ಷಿತವಾಗಿ ಮನೆಗೆ ಬರುತ್ತಾನೆ. ಆ ರಾತ್ರಿ ಎಲ್ಲರೂ ಉಣ್ಣುತ್ತಾರೆ. ಮರುದಿನ ಅವನ ಹೆಸರಿನ ಕೆಳಗೆ ‘ದುಃಖಿತ’ ಎಂಬರ್ಥದ ಮಾತು ಕಾಣಿಸಿಕೊಳ್ಳುತ್ತದೆ. ಕದ್ದ ಅನ್ನದಿಂದ ಹೊಟ್ಟೆ ತುಂಬಿದ ಮನೆಯ ಉಳಿದವರೂ ಬಾಡುತ್ತಾರೆ. ನಡಿಗೆ ನಿಧಾನವಾಗುತ್ತದೆ, ಮಾತು ಕೇಳುವುದಿಲ್ಲ, ಸಂತೈಸುವವರಿಲ್ಲದೆ ಹೋದರೆ ದುಃಖವು ಖಿನ್ನತೆಗೆ ಇಳಿಯುತ್ತದೆ, ಕೊನೆಗೆ ಪ್ರಾಣವನ್ನೇ ಕಳೆದುಕೊಳ್ಳುವವರೂ ಇದ್ದಾರೆ. ಇನ್ನೊಂದು ರಾತ್ರಿ ಅದೇ ಮನೆಗೆ ಹೋದವನು ಆ ವೃದ್ಧರನ್ನು ಜೀವಂತವಾಗಿ ಕಾಣದಿರಬಹುದು.

ಇಲ್ಲಿಯ ಕೌಶಲವನ್ನು ಗಮನಿಸಬೇಕು. ಶಿಕ್ಷೆ ಹೊರಗಿನಿಂದ ಬರುವುದಿಲ್ಲ. ಕರ್ಮದೊಳಗಿನಿಂದಲೇ ಫಲ ಒಸರುತ್ತದೆ. ಕದಿಯದೇ ಇದ್ದರೆ ತನ್ನ ಮನೆಯ ರೋಗಿ ಸಾಯಬಹುದು ಎಂಬುದೂ ಅಷ್ಟೇ ನಿಜ. ಆದ್ದರಿಂದ ಆಟಗಾರನಿಗೆ ಸುಲಭದ ಪುಣ್ಯವೂ ಇಲ್ಲ. ಇನ್ನೊಂದು ಸಂಗತಿ: ನಾಟ್ಯಶಾಸ್ತ್ರದ ನಿಷೇಧವನ್ನು ವಾರ್ಸಾದವರು ಕೇಳಿರುವ ಸಂಭವವಿಲ್ಲ, ಆದರೂ ಅದನ್ನು ಬಹುಮಟ್ಟಿಗೆ ಪಾಲಿಸಿದ್ದಾರೆ. ನಗರದ ಮುತ್ತಿಗೆಯನ್ನೇ ವಸ್ತುವಾಗಿ ಉಳ್ಳ ಈ ಆಟದಲ್ಲಿ ದಂಡು ದಂಡುಗಳ ಕಾಳಗವು ಕಾಣಿಸುವುದೇ ಇಲ್ಲ. ದೂರದ ಗುಡುಗು, ಕಿಟಕಿಯ ಆಚೆಯ ಹೊಗೆ, ಕದ ತಟ್ಟುವ ನೆರೆಯವರು, ಅಷ್ಟೇ. ಉಳಿದುದೆಲ್ಲ ಸೂಚನೆ. ಬಣ್ಣವೂ ಬೂದಿಯದು, ಸೀಸದ ಕಡ್ಡಿಯಿಂದ ಗೀಚಿದಂತೆ.

2013ರಲ್ಲಿ ಲ್ಯೂಕಾಸ್ ಪೋಪ್ ಎಂಬಾತನು ಏಕಾಂಗಿಯಾಗಿ ರಚಿಸಿದ ‘ಪೇಪರ್ಸ್, ಪ್ಲೀಸ್’ ಇದೇ ಮಾರ್ಗದ್ದು. ಆಟಗಾರನು ಕಲ್ಪಿತ ರಾಷ್ಟ್ರವೊಂದರ ಗಡಿಯಲ್ಲಿ ಕುಳಿತು ಕಾಗದಪತ್ರ ನೋಡುವ ಗುಮಾಸ್ತ. ಮುದ್ರೆ ಒತ್ತಿದ ತಲೆಗಳ ಲೆಕ್ಕದ ಮೇಲೆ ಸಂಬಳ. ಸಂಬಳದಲ್ಲಿ ಬಾಡಿಗೆ, ಊಟ, ಚಳಿಗೆ ಬೆಂಕಿ, ಮಗನ ಔಷಧಿ. ಒಬ್ಬ ಪ್ರಯಾಣಿಕನ ಕಾಗದಗಳು ಸರಿಯಾಗಿವೆ, ಹಿಂದೆ ಬಂದ ಅವನ ಹೆಂಡತಿಯ ಬಳಿ ಒಂದು ಪರವಾನಗಿ ಇಲ್ಲ. ಬಿಟ್ಟರೆ ತಪ್ಪು, ಇನ್ನೆರಡು ತಪ್ಪಾದರೆ ದಂಡ. ಕಛೇರಿಯಲ್ಲಿ ಕೆಲಸ ಮಾಡಿದವರಿಗೆ ಈ ಆಟದ ನೋವು ಬೇಗ ತಿಳಿದೀತು.

ಆಟಗಾರನನ್ನು ಕರ್ತೃವನ್ನಾಗಿ ಮಾಡಿಯೂ ಕರ್ತೃತ್ವದ ಬೆಲೆಯನ್ನು ಕೊಡದೆ ಹೋದದ್ದಕ್ಕೆ ‘ಕಾಲ್ ಆಫ್ ಡ್ಯೂಟಿ’ ಮಾಲೆಯ 2009ರ ಆಟ ಪ್ರಸಿದ್ಧವಾದ ನಿದರ್ಶನ. ಅದರ ಒಂದು ಘಟ್ಟದಲ್ಲಿ ಗೂಢಚಾರನಾದ ಆಟಗಾರನು ಭಯೋತ್ಪಾದಕರ ಜೊತೆಗೂಡಿ ಮಾಸ್ಕೋದ ವಿಮಾನ ನಿಲ್ದಾಣದಲ್ಲಿ ನಿರಪರಾಧಿಗಳ ಕೊಲೆಯಲ್ಲಿ ಭಾಗಿಯಾಗಬೇಕು. ಗುಂಡು ಹಾರಿಸಿದರೂ ಸರಿ, ಹಾರಿಸದೆ ಸುಮ್ಮನೆ ನಡೆದರೂ ಸರಿ, ಕಥೆಯ ಮುಂದಿನ ದಾರಿ ಒಂದೇ. ಮನಸ್ಸು ಕದಡಬಹುದೆಂದು ಎಚ್ಚರಿಸಿ, ಬೇಡವಾದವರು ಈ ಘಟ್ಟವನ್ನು ಬಿಟ್ಟು ಮುಂದೆ ಹೋಗಬಹುದೆಂದು ಮೊದಲೇ ಸೂಚಿಸಿದ್ದರು. ರಷ್ಯಾದಲ್ಲಿ ಆ ಘಟ್ಟವನ್ನೇ ಕೈಬಿಟ್ಟು ಮಾರಿದರು; ಜಪಾನ್ ಮತ್ತು ಜರ್ಮನಿಗಳಲ್ಲಿ ನಿರಪರಾಧಿಯನ್ನು ಕೊಂದರೆ ಆಟವೇ ನಿಲ್ಲುವಂತೆ ಮಾಡಿದರು. ಬಿಟ್ಟರೂ ಕಥೆಗೆ ಯಾವ ಊನವೂ ಆಗದೆಂದ ಮೇಲೆ ಆ ರಕ್ತಪಾತವು ಕಥೆಗೆ ಬೇಕಾಗಿತ್ತೇ ಎಂಬ ಪ್ರಶ್ನೆಗೆ ಅಲ್ಲಿಯೇ ಉತ್ತರ ಸಿಕ್ಕಿದಂತಾಯಿತು.

ಮಾಡುವವನನ್ನು ಬಯಸುವ ಈ ಪ್ರಕಾರದಲ್ಲಿ ಏನೂ ಮಾಡಲಾಗದ ಸ್ಥಿತಿಯನ್ನು ಹೇಳುವುದು ಹೇಗೆ? ಅಮೆರಿಕದ ಕೊಲೊರಾಡೊದ ರಯಾನ್ ಮತ್ತು ಆಮಿ ಗ್ರೀನ್ ದಂಪತಿಗಳಿಗೆ ಈ ಪ್ರಶ್ನೆ ಬದುಕಿನಿಂದಲೇ ಎದುರಾಯಿತು. ಅವರ ಮಗ ಜೋಯೆಲನಿಗೆ ಒಂದು ವರ್ಷ ತುಂಬುವ ಹೊತ್ತಿಗೆ ಮೆದುಳಿನಲ್ಲಿ ಕ್ಯಾನ್ಸರ್ ಕಾಣಿಸಿಕೊಂಡಿತು. ವೈದ್ಯರು ಹೇಳಿದುದಕ್ಕಿಂತ ಬಹುಕಾಲ ಬದುಕಿ, ಐದು ವರ್ಷದವನಾಗಿ 2014ರ ಮಾರ್ಚಿನಲ್ಲಿ ಅವನು ತೀರಿಕೊಂಡ. ಮಗನು ಇರುವಾಗಲೇ ಆರಂಭಿಸಿದ್ದ ‘ದಟ್ ಡ್ರ್ಯಾಗನ್, ಕ್ಯಾನ್ಸರ್’ ಎಂಬ ಆಟವನ್ನು ತಂದೆತಾಯಿಗಳು ಗೆಳೆಯರೊಡನೆ ಸೇರಿ 2016ರಲ್ಲಿ ಪೂರೈಸಿದರು. ಅದರ ಒಂದು ಭಾಗದಲ್ಲಿ ಆಸ್ಪತ್ರೆಯ ಕೋಣೆ, ರಾತ್ರಿ, ಬಾಯಾರಿ ಅಳುವ ಮಗು. ಆಟಗಾರನು ಎತ್ತಿಕೊಳ್ಳಬಹುದು, ತಟ್ಟಬಹುದು, ಹಣ್ಣಿನ ರಸ ಕುಡಿಸಬಹುದು. ಕುಡಿದದ್ದು ಉಳಿಯುವುದಿಲ್ಲ. ಏನು ಮಾಡಿದರೂ ಅಳು ನಿಲ್ಲುವುದಿಲ್ಲ. ಎಲ್ಲ ಆಟಗಳಲ್ಲಿಯೂ ಕೆಲಸಕ್ಕೆ ಫಲವುಂಟೆಂದು ಕಲಿತ ಕೈ ಇಲ್ಲಿ ಸೋತು ಕೂರುತ್ತದೆ. ಇನ್ನೊಂದು ಕಡೆ ಆಸ್ಪತ್ರೆಯ ಓಣಿಗಳಲ್ಲಿ ಮಗುವಿನೊಡನೆ ಪುಟ್ಟ ಗಾಡಿಯ ಪಂದ್ಯ ನಡೆಯುತ್ತದೆ. ಹಿಗ್ಗಿನಿಂದ ಆಯ್ದುಕೊಂಡ ಬಹುಮಾನಗಳೆಲ್ಲ ಕೊನೆಯಲ್ಲಿ ಆ ಮಗುವಿಗೆ ಕೊಟ್ಟ ಉಗ್ರ ಔಷಧಿಗಳ ಪಟ್ಟಿಯಾಗಿ ತೆರೆಯುತ್ತವೆ. ಡೆನ್ಮಾರ್ಕಿನವರು ಎಡವಿದ ಜಾಗದಲ್ಲಿ ಈ ದಂಪತಿಗಳು ಎಡವಲಿಲ್ಲ. ಆಟದ ಸುಖವನ್ನು ಇವರೂ ಬಳಸಿದರು. ಆದರೆ ಅದರ ಬಾಲಕ್ಕೆ ಲೆಕ್ಕವನ್ನು ಕಟ್ಟಿದರು. ಅವರ ದೈವಭಕ್ತಿಯೂ ಸಂಶಯವೂ ಎರಡೂ ಆಟದಲ್ಲಿ ಹಾಗೆಯೇ ಉಳಿದಿವೆ, ಯಾವುದನ್ನೂ ತಿದ್ದಿ ನಯಗೊಳಿಸಿಲ್ಲ.

ಗ್ರೀನ್ ದಂಪತಿಗಳು ತಮ್ಮ ಮನೆಯ ದುಃಖವನ್ನು ತಾವೇ ಹೇಳಿದರು. ಪರರ ದುಃಖವನ್ನು ಹೇಳಹೊರಟವರು ಪರರನ್ನು ಕೇಳಬೇಕಾಗುತ್ತದೆ. ಇಂಗ್ಲೆಂಡಿನ ಕೇಂಬ್ರಿಜ್‌ನ ನಿಂಜಾ ಥಿಯರಿ ಸಂಸ್ಥೆಯು 2017ರಲ್ಲಿ ಹೊರತಂದ ‘ಹೆಲ್‌ಬ್ಲೇಡ್’ ಆಟದ ನಾಯಿಕೆ ಸೆನುವಾಳಿಗೆ ಯಾರೂ ಇಲ್ಲದಾಗ ದನಿಗಳು ಕೇಳುತ್ತವೆ, ಇಲ್ಲದ್ದು ಕಾಣುತ್ತದೆ. ಇಂಥವರನ್ನು ಕಥೆಗಳಲ್ಲಿ ಕೊಲೆಗಡುಕರನ್ನಾಗಿಯೋ ನಗೆಯ ಪಾತ್ರವನ್ನಾಗಿಯೋ ಮಾಡಿ ರೂಢಿ. ಈ ರಚನಕಾರರು ಕೇಂಬ್ರಿಜ್ ವಿಶ್ವವಿದ್ಯಾನಿಲಯದ ಮನೋವೈದ್ಯಶಾಸ್ತ್ರದ ಪ್ರಾಧ್ಯಾಪಕ ಪಾಲ್ ಫ್ಲೆಚರ್ ಅವರ ನೆರವನ್ನು ಪಡೆದರು. ಅಷ್ಟಕ್ಕೇ ನಿಲ್ಲದೆ ಅಂಥ ದನಿಗಳನ್ನು ಕೇಳುತ್ತ ಬದುಕುತ್ತಿರುವವರನ್ನೇ ಕೂರಿಸಿಕೊಂಡು ಆಟವನ್ನು ತೋರಿಸಿ ತಿದ್ದಿಕೊಂಡರು. ಕಿವಿಗೆ ಹಾಕಿಕೊಂಡ ಸಾಧನದಲ್ಲಿ ಪಿಸುಮಾತುಗಳು ತಲೆಯ ಸುತ್ತ ಎಡದಿಂದ, ಬಲದಿಂದ, ಬೆನ್ನ ಹಿಂದಿನಿಂದ ಬರುತ್ತವೆ. ಬೈಯುತ್ತವೆ, ಹೆದರಿಸುತ್ತವೆ, ಕೆಲವೊಮ್ಮೆ ದಾರಿಯನ್ನೂ ತೋರುತ್ತವೆ. ವಿದ್ವಾಂಸನನ್ನು ಕೇಳುವುದು ಒಂದು, ವ್ಯಾಧಿತನನ್ನು ಕೇಳುವುದು ಇನ್ನೊಂದು. ಎರಡನೆಯದನ್ನು ಮರೆಯುವವರೇ ಹೆಚ್ಚು.

ಭಾರತದಲ್ಲಿ ಈ ದಾರಿಯ ಪ್ರಯತ್ನಗಳು ಇನ್ನೂ ವಿರಳ. ಕಲ್ಕತ್ತೆಯ ಕಲಾವಿದೆ ಲೀನಾ ಕೇಜರಿವಾಲ್ ಅವರು ಮಾರಾಟಕ್ಕೊಳಗಾಗಿ ಕಣ್ಮರೆಯಾದ ಹುಡುಗಿಯರ ನೆನಪಿಗಾಗಿ ಕರಿಯ ಛಾಯಾಕೃತಿಗಳನ್ನು ಸಾರ್ವಜನಿಕ ಸ್ಥಳಗಳಲ್ಲಿ ನಿಲ್ಲಿಸಿದರು. ಆಕಾಶವನ್ನು ಹೆಣ್ಣಿನ ಆಕಾರದಲ್ಲಿ ಕತ್ತರಿಸಿ ತೆಗೆದಂತೆ ಅವು ಕಾಣುತ್ತವೆ. 2016ರಲ್ಲಿ ಅದೇ ಕಾರ್ಯದ ಮುಂದುವರಿಕೆಯಾಗಿ ‘ಮಿಸ್ಸಿಂಗ್’ ಎಂಬ ಮೊಬೈಲ್ ಆಟ ಬಂತು. ಅಪಹೃತಳಾದ ಹುಡುಗಿಯೇ ಆಟಗಾರ. ಪೊಲೀಸನಾಗಿ ನುಗ್ಗಿ ಬಿಡಿಸುವ ವೀರನ ಪಾತ್ರವನ್ನು ಕೊಟ್ಟಿದ್ದರೆ ಆಟ ಹೆಚ್ಚು ರುಚಿಸುತ್ತಿತ್ತು. ಆದರೆ ವೀರನ ಸ್ಥಾನದಲ್ಲಿ ನಿಂತವನಿಗೆ ಹುಡುಗಿ ಒಂದು ಬಹುಮಾನವಾಗಿಬಿಡುತ್ತಾಳೆ. ಅವಳ ಸ್ಥಾನದಲ್ಲಿ ನಿಂತವನಿಗೆ, ಓಡಿಹೋಗಬಾರದಿತ್ತೇ ಎಂದು ಊರಿನವರು ಕೇಳುವ ಪ್ರಶ್ನೆ ಎಷ್ಟು ಬರಿದೆಂಬುದು ತಿಳಿಯುತ್ತದೆ. ಬಾಗಿಲು ಎಲ್ಲಿದೆ, ಯಾರನ್ನು ನಂಬಬೇಕು, ಈಗ ಒಲ್ಲೆನೆಂದರೆ ಏನಾದೀತು ಎಂದು ಪ್ರತಿ ಹೆಜ್ಜೆಗೂ ಅವನೇ ಯೋಚಿಸಬೇಕಾಗುತ್ತದೆ. ಇಂಥ ವಸ್ತುವನ್ನು ಮುಟ್ಟುವವರಿಗೆ ಇನ್ನೊಂದು ಎಚ್ಚರವೂ ಬೇಕು: ಅತ್ಯಾಚಾರವನ್ನು ಖಂಡಿಸುವ ನೆವದಲ್ಲಿ ಅದನ್ನು ನೋಟವನ್ನಾಗಿ ಮಾಡಬಾರದು. ಚಲನಚಿತ್ರಗಳು ಈ ತಪ್ಪನ್ನು ಲೆಕ್ಕವಿಲ್ಲದಷ್ಟು ಸಲ ಮಾಡಿವೆ. ಆಟಗಳು ಅದನ್ನೇ ಮಾಡಿದರೆ ನೋಡುವವನ ಪಾಪದ ಜೊತೆಗೆ ಮಾಡುವವನ ಪಾಪವೂ ಸೇರುತ್ತದೆ.

ಇಂಥ ಆಟಗಳಿಗೆ ಶಾಲೆಯಲ್ಲಿ ಎಡೆಯುಂಟೇ ಎಂಬುದಕ್ಕೆ ಒಂದು ದೇಶವು ಕಾರ್ಯತಃ ಉತ್ತರ ಕೊಟ್ಟಿದೆ. 2020ರ ಜೂನ್ ತಿಂಗಳಲ್ಲಿ ಪೋಲೆಂಡಿನ ಪ್ರಧಾನಮಂತ್ರಿ ಮತೇವುಶ್ ಮೊರಾವಿಯೆತ್ಸ್ಕಿ ಅವರು ‘ದಿಸ್ ವಾರ್ ಆಫ್ ಮೈನ್’ ಆಟವನ್ನು ಶಾಲೆಗಳ ಪೂರಕ ಪಠ್ಯಗಳ ಪಟ್ಟಿಗೆ ಸೇರಿಸುವುದಾಗಿ ಪ್ರಕಟಿಸಿದರು. ಸಮಾಜಶಾಸ್ತ್ರ, ನೀತಿಶಾಸ್ತ್ರ, ತತ್ತ್ವಶಾಸ್ತ್ರ, ಚರಿತ್ರೆ ಈ ವಿಷಯಗಳ ವಿದ್ಯಾರ್ಥಿಗಳಿಗೆ ಅದು ಉಚಿತವಾಗಿ ದೊರೆಯುವ ಏರ್ಪಾಡಾಯಿತು. ಕಡ್ಡಾಯವಾಗಿ ಅಲ್ಲ, ಪೂರಕವಾಗಿ. ಎಳೆಯ ಮಕ್ಕಳಿಗಲ್ಲ, 18 ತುಂಬಿದವರಿಗೆ. ಈ ಎರಡು ಮಿತಿಗಳಲ್ಲಿ ವಿವೇಕವಿದೆ. ಖಿನ್ನತೆಗೆ ಬಿದ್ದು ಪ್ರಾಣ ಕಳೆದುಕೊಳ್ಳುವ ಪಾತ್ರವಿರುವ ಆಟವನ್ನು ಹನ್ನೆರಡು ವರ್ಷದ ಬಾಲಕನ ಕೈಗೆ ಕೊಟ್ಟು ಉಪಾಧ್ಯಾಯರು ಸಿಬ್ಬಂದಿಯ ಕೋಣೆಗೆ ಹೋಗುವಂತಿಲ್ಲ. ಆಡಿಸುವವರು ಮೊದಲು ತಾವು ಆಡಿ ನೋಡಿರಬೇಕು. ಆಡಿದ ಮೇಲೆ ತರಗತಿಯಲ್ಲಿ ಕುಳಿತು ಮಾತನಾಡಲು ಒಂದು ಗಂಟೆಯನ್ನಾದರೂ ಉಳಿಸಿಕೊಂಡಿರಬೇಕು. ರೊಮೆರೊಳ ಮಗಳ ಪ್ರಶ್ನೆಗೆ ಉತ್ತರ ಹೇಳಲು ತಾಯಿ ಎದುರಿಗೇ ಕುಳಿತಿದ್ದಳು.

ಪೋಲೆಂಡಿನ ಏರ್ಪಾಡಿಗೆ ಎರಡು ವರ್ಷ ತುಂಬುವ ಮೊದಲೇ, 2022ರ ಫೆಬ್ರವರಿ 24ರಂದು, ನೆರೆಯ ಯುಕ್ರೇನಿನ ಮೇಲೆ ರಷ್ಯಾದ ದಾಳಿ ಆರಂಭವಾಯಿತು. ಆಟದ ರಚನಕಾರರು ಅಂದಿನಿಂದ ಒಂದು ವಾರದ ಮಾರಾಟದ ಹಣವನ್ನೆಲ್ಲ ಯುಕ್ರೇನಿನ ರೆಡ್‌ಕ್ರಾಸ್‌ಗೆ ಕೊಡುವುದಾಗಿ ಸಾರಿದರು. ಏಳು ಲಕ್ಷ ಡಾಲರುಗಳಿಗೂ ಮೇಲ್ಪಟ್ಟು ಸೇರಿತು. ಅದೇ ವಸಂತದಲ್ಲಿ ಮರಿಯೂಪೋಲ್ ನಗರಕ್ಕೆ ಮುತ್ತಿಗೆ ಬಿದ್ದು, ಜನರು ನೆಲಮಾಳಿಗೆಗಳಲ್ಲಿ ಅಡಗಿ, ಹಿಮವನ್ನು ಕರಗಿಸಿ ಕುಡಿಯುತ್ತಿದ್ದರು.